ಕೊಂಡ ಬಿರುದು, ಕೊಟ್ಟ ಹೆಸರು

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಮಗ್ಗುಲಲ್ಲಿ ಕಡಲಿನಂತೆ ಹರಡಿಕೊಂಡಿರುವ ಸೂಳೆಕೆರೆಯನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. ಆ ಕೆರೆಗೆ ಆ ಹೆಸರು ಬಂದ ಬಗೆಯನ್ನು ಜನರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಅರಸುಮಗಳು ಶಾಂತವ್ವ ಕೆರೆ ಕಟ್ಟಿಸಲು ಮುಂದಾದಾಗ ಅದಕ್ಕೆ ಬೇಕಾದ ನೆಲದಲ್ಲಿ ಸೂಳೆಯರ ಕೇರಿಯಿತ್ತಂತೆ. ನೆಲವನ್ನು ಬಿಟ್ಟುಕೊಡಲು ಆ ಹೆಂಗಸರು ಹಾಕಿದ ಷರತ್ತು ಒಂದೇ ಒಂದು: ಕೆರೆಗೆ ತಮ್ಮ ಹೆಸರಿರಬೇಕು. ಶಾಂತವ್ವ ಒಪ್ಪಿದಳು, ಹೆಸರು ನಿಂತಿತು. ಐತಿಹ್ಯದ ಸತ್ಯಾಸತ್ಯವನ್ನು ವಿದ್ವಾಂಸರ ವಿವೇಚನೆಗೆ ಬಿಡೋಣ. ಅದು ಕಲಿಸುವ ಪಾಠವಂತೂ ಇಂದಿಗೆ ಬಹಳ ಅಗತ್ಯವಾದುದು.

ಈ ಕಥೆಯಲ್ಲಿಯೂ ಒಂದು ಕೊಡುಕೊಳ್ಳುವಿಕೆಯಿದೆ. ನೆಲ ಕೊಟ್ಟರು, ಹೆಸರು ಪಡೆದರು. ಆದರೆ ಅಲ್ಲಿ ಮೋಸವಿಲ್ಲ. ಕೊಟ್ಟದ್ದು ಏನೆಂಬುದು ಊರಿಗೆಲ್ಲ ತಿಳಿದಿತ್ತು, ಕೊಟ್ಟವರು ಯಾರೆಂಬುದನ್ನು ಮಾತ್ರ ಹೆಸರು ಹೇಳಿತು. ನೆಲ ಕೊಟ್ಟೆವೆಂಬ ಕಾರಣಕ್ಕೆ ತಮ್ಮನ್ನು ರಾಣಿಯರೆಂದು ಕರೆಯಬೇಕೆಂದು ಅವರು ಕೇಳಲಿಲ್ಲ. ಆ ನಿಜವಾದ ಹೆಸರಿಗೆ ನಾಚಿಕೊಂಡು 'ಶಾಂತಿಸಾಗರ'ವೆಂದು ತಿದ್ದಿ ಬರೆಯುವವರು ನಾವೇ. ಇತ್ತ ಹಣ ಕೊಟ್ಟು ಪಡೆದ ಸುಳ್ಳು ಬಿರುದುಗಳನ್ನು ನಾಲ್ಕು ರಸ್ತೆ ಕೂಡುವಲ್ಲಿ ಫ್ಲೆಕ್ಸ್ ಕಟ್ಟಿಸಿ ಮೆರೆಯುವವರೂ ನಾವೇ.

ಕೊಡುಗೆಗೆ ಕೃತಜ್ಞತೆ ಸಲ್ಲಲಿ, ಧಾರಾಳವಾಗಿ ಸಲ್ಲಲಿ. ಆದರೆ ಕೊಡುಗೆಯನ್ನು ಯೋಗ್ಯತೆಯೆಂದು ಮಾರುವುದು ಸುಳ್ಳುಸಾಕ್ಷಿ. ಹತ್ತು ಸಾವಿರ ಕೊಟ್ಟವನ ಹೆಸರಿನ ಮುಂದೆ 'ಹತ್ತು ಸಾವಿರ ಕೊಟ್ಟವರು' ಎಂದು ಬರೆದರೆ ಅದು ಲೆಕ್ಕ. 'ಡಾಕ್ಟರ್' ಎಂದು ಬರೆದರೆ ಅದು ಸುಳ್ಳು. ಈ ಎರಡರ ನಡುವಿನ ಅಂತರವನ್ನು ಮರೆತ ಸಮಾಜದಲ್ಲಿ ಗೌರವವೆಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

ಪದವಿಯ ಸಂತೆ

2020ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ನಡೆಯುತ್ತಿದ್ದ ಗೌರವ ಡಾಕ್ಟರೇಟ್ ಪ್ರದಾನ ಸಮಾರಂಭದ ಮೇಲೆ ಪೊಲೀಸರು ದಾಳಿ ಮಾಡಿದರು. ವಿಶ್ವವಿದ್ಯಾಲಯವೆಂಬ ಹೆಸರು ಹೊತ್ತ ಸಂಸ್ಥೆಯೊಂದು ಅಲ್ಲಿ ಹಂಚುತ್ತಿದ್ದುದು ನಕಲಿ ಪದವಿಗಳೆಂಬುದು ಆರೋಪ. ಪತ್ರಿಕೆಗಳಲ್ಲಿ ಸುದ್ದಿ ಬಂದಾಗ ಓದಿ ನಕ್ಕವರು ಬಹಳ ಮಂದಿ. ಆದರೆ ಅದು ಒಂದೂರಿನ ಒಂದು ದಿನದ ಸಂಗತಿಯಲ್ಲ. ಇಂತಹ ವ್ಯವಹಾರದ ರೀತಿ ತಾಲ್ಲೂಕು ಕೇಂದ್ರಗಳಲ್ಲಿಯೂ ಹೊಸದೇನಲ್ಲ.

ಮೊದಲು ಒಂದು ದೂರವಾಣಿ ಕರೆ ಬರುತ್ತದೆ. ತಮ್ಮ ಸಮಾಜಸೇವೆಯನ್ನು ಗುರುತಿಸಿ ತಮ್ಮನ್ನು ಆಯ್ಕೆ ಮಾಡಲಾಗಿದೆ ಎನ್ನುತ್ತಾರೆ. ಯಾವ ಸೇವೆ ಎಂದು ಕರೆ ಮಾಡಿದವರೂ ಹೇಳುವುದಿಲ್ಲ, ಕೇಳಿಸಿಕೊಂಡವರೂ ಕೇಳುವುದಿಲ್ಲ. ಎರಡನೆಯ ಕರೆಯಲ್ಲಿ ನೋಂದಣಿ ಶುಲ್ಕ, ಸ್ಮರಣಿಕೆಯ ಖರ್ಚು, ಸಭಾಂಗಣದ ಬಾಡಿಗೆ, ನಿಲುವಂಗಿ ಮತ್ತು ಟೊಪ್ಪಿಗೆಯ ಬಾಡಿಗೆ ಎಂಬ ಲೆಕ್ಕ ಬರುತ್ತದೆ. ಒಟ್ಟು ಮೊತ್ತಕ್ಕೆ 'ದೇಣಿಗೆ' ಎಂಬ ಸಭ್ಯ ಹೆಸರು. ನಿಗದಿಯಾದ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಭಾವಚಿತ್ರ. ಮರುದಿನ ಊರಿನ ಬಸ್ ನಿಲ್ದಾಣದಲ್ಲಿ ಆಳೆತ್ತರದ ಫ್ಲೆಕ್ಸ್. ಅದರ ಕೆಳಗೆ ಶುಭ ಕೋರುವವರ ಸಾಲುಸಾಲು ಮುಖಗಳು. ಅಂದಿನಿಂದ ಮದುವೆಯ ಕರೆಯೋಲೆಯಲ್ಲಿಯೂ ಅವರು ಡಾಕ್ಟರ್.

ಕಾನೂನು ಏನು ಹೇಳುತ್ತದೆ? 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ 22ನೆಯ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕೇಂದ್ರ ಅಥವಾ ರಾಜ್ಯ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ, ವಿಶ್ವವಿದ್ಯಾಲಯವೆಂದು ಪರಿಗಣಿತವಾದ (ಡೀಮ್ಡ್) ಸಂಸ್ಥೆಗಳಿಗೆ ಹಾಗೂ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಅದನ್ನು ಮೀರಿದವರಿಗೆ 24ನೆಯ ಕಲಮು ಗೊತ್ತುಪಡಿಸಿದ ದಂಡವೆಷ್ಟು ಗೊತ್ತೇ? ಹೆಚ್ಚೆಂದರೆ 1,000 ರೂಪಾಯಿ! ಒಂದು ಶಾಲು ಮತ್ತು ಹಾರದ ಬೆಲೆಗೆ ಒಂದು ಅಪರಾಧ ತೀರಿಹೋಗುತ್ತದೆ. ಆಯೋಗ ವರ್ಷವರ್ಷವೂ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಪ್ರಕಟಿಸುತ್ತ ಬಂದಿದೆ. ನಮ್ಮ ರಾಜ್ಯದ ಗೋಕಾಕದ ವಿಳಾಸವಿರುವ 'ವರ್ಲ್ಡ್ ಓಪನ್ ಯೂನಿವರ್ಸಿಟಿ' ಒಂದು ಆ ಪಟ್ಟಿಯಲ್ಲಿ ಹಲವು ವರ್ಷ ಕಾಣಿಸಿಕೊಂಡಿದೆ. ಪಟ್ಟಿಯಿಂದ ಸಂತೆ ನಿಂತಿಲ್ಲ. ಕೊಳ್ಳುವವರಿರುವವರೆಗೆ ಮಾರುವವರು ಇದ್ದೇ ಇರುತ್ತಾರೆ.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವನ್ನು ನೋಡಿ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಕ್ರಿಕೆಟ್ ಆಟಗಾರ ರಾಹುಲ್ ದ್ರಾವಿಡ್ ಅವರಿಗೆ ಗೌರವ ಡಾಕ್ಟರೇಟ್ ನೀಡಲು ಮುಂದಾಯಿತು. ಅದು ನಿಜವಾದ ವಿಶ್ವವಿದ್ಯಾಲಯ, ನಿಜವಾದ ಗೌರವ. ಆದರೂ ದ್ರಾವಿಡ್ ವಿನಯದಿಂದ ನಿರಾಕರಿಸಿದರು. ಕ್ರೀಡಾಕ್ಷೇತ್ರದಲ್ಲಿ ಸಂಶೋಧನೆ ಮಾಡಿ ಪದವಿಯನ್ನು ಸಂಪಾದಿಸಲು ಬಯಸುವುದಾಗಿ ತಿಳಿಸಿದರು. 2018ರಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ತಮಗೆ ಘೋಷಣೆಯಾಗಿದ್ದ ಪದ್ಮಶ್ರೀಯನ್ನು ಬೇಡವೆಂದರು. ಮನೆಯ ಬಾಗಿಲಿಗೆ ಬಂದ ಮರ್ಯಾದೆಯನ್ನು ಹಿಂದಕ್ಕೆ ಕಳುಹಿಸಿದವರ ನಾಡಿನಲ್ಲಿ, ಮರ್ಯಾದೆಯನ್ನು ಕೊಳ್ಳಲು ಸರದಿಯಲ್ಲಿ ನಿಲ್ಲುವವರೂ ಇದ್ದಾರೆಂಬುದು ಸೋಜಿಗ.

ದೊಡ್ಡವರ ಅಂಗಡಿ

ಈ ರೋಗ ಹಳ್ಳಿಗಾಡಿನ ಅಜ್ಞಾನದಿಂದ ಹುಟ್ಟಿದ್ದೆಂದು ಯಾರೂ ಭಾವಿಸಬಾರದು. ನಮಗೆ ಬಿರುದುಗಳ ರುಚಿ ಹತ್ತಿಸಿದ ಇಂಗ್ಲೆಂಡಿನಲ್ಲಿ ಇದು ಆಳುವವರೇ ತೆರೆದ ಅಂಗಡಿ. 1611ರಲ್ಲಿ ಒಂದನೆಯ ಜೇಮ್ಸ್ ದೊರೆ 'ಬ್ಯಾರೊನೆಟ್' ಎಂಬ ಹೊಸ ಬಿರುದನ್ನು ಸೃಷ್ಟಿಸಿ ಅದಕ್ಕೆ 1,095 ಪೌಂಡು ಬೆಲೆ ಕಟ್ಟಿದನು. ಐರ್ಲೆಂಡಿನಲ್ಲಿದ್ದ ಸೈನ್ಯದ ಖರ್ಚಿಗೆ ಹಣ ಬೇಕಾಗಿತ್ತು. ಮೊದಲ ಮಹಾಯುದ್ಧದ ನಂತರ ಪ್ರಧಾನಿ ಲಾಯ್ಡ್ ಜಾರ್ಜರ ಕಾಲದಲ್ಲಿ ವ್ಯಾಪಾರ ಪರಾಕಾಷ್ಠೆ ಮುಟ್ಟಿತು. 'ಸರ್' ಪದವಿಗೆ 10,000 ಪೌಂಡು, ಬ್ಯಾರೊನೆಟ್ ಪದವಿಗೆ 30,000, ಮೇಲ್ಮನೆಯ ಪ್ರಭುತ್ವಕ್ಕೆ 50,000 ಅಥವಾ ಅದಕ್ಕೂ ಮಿಗಿಲು ಎಂಬ ದರಪಟ್ಟಿ ಜನರ ಬಾಯಲ್ಲಿತ್ತು. ಹಣ ಹೋಗುತ್ತಿದ್ದುದು ರಾಜಕೀಯ ನಿಧಿಗೆ. 1922ರಲ್ಲಿ ದಕ್ಷಿಣ ಆಫ್ರಿಕಾದ ಗಣಿ ಒಡೆಯ ಜೋಸೆಫ್ ರಾಬಿನ್ಸನ್ ಹೆಸರು ಪ್ರಭುಗಳ ಪಟ್ಟಿಯಲ್ಲಿ ಬಂದಾಗ ಸಂಸತ್ತಿನಲ್ಲಿ ಗದ್ದಲವೆದ್ದಿತು. ಆತ ಆ ಪದವಿಯನ್ನು ಬಿಟ್ಟುಕೊಡಬೇಕಾಯಿತು. ಆ ಕೋಲಾಹಲದ ಫಲವಾಗಿ 1925ರಲ್ಲಿ ಬಿರುದುಗಳ ದುರುಪಯೋಗವನ್ನು ತಡೆಯುವ ಕಾಯಿದೆ ಬಂದಿತು.

ಆ ಕಾಯಿದೆಯಡಿ ಶಿಕ್ಷೆ ಅನುಭವಿಸಿದವನು ಒಬ್ಬನೇ ಒಬ್ಬ. ಬಿರುದುಗಳ ದಲ್ಲಾಳಿಯಾಗಿದ್ದ ಮಾಂಡಿ ಗ್ರೆಗೊರಿ 1933ರಲ್ಲಿ ಎರಡು ತಿಂಗಳ ಸೆರೆವಾಸ ಮತ್ತು 50 ಪೌಂಡು ದಂಡ ತೆತ್ತನು. ಮಾರಿಸಿದವರಾಗಲಿ ಕೊಂಡವರಾಗಲಿ ಕಟಕಟೆಗೆ ಬರಲಿಲ್ಲ. 2006ರಲ್ಲಿ ಮತ್ತೆ ಅದೇ ನಾಡಿನಲ್ಲಿ ಅದೇ ಹಗರಣ. ಹಿಂದಿನ ವರ್ಷದ ಚುನಾವಣೆಗೆ ಮುನ್ನ ಲೇಬರ್ ಪಕ್ಷಕ್ಕೆ ಗುಟ್ಟಾಗಿ ಲಕ್ಷಾಂತರ ಪೌಂಡು ಸಾಲ ಕೊಟ್ಟವರಲ್ಲಿ ಕೆಲವರ ಹೆಸರು ಮೇಲ್ಮನೆಗೆ ಶಿಫಾರಸಾಗಿತ್ತು. ಅಧಿಕಾರದಲ್ಲಿದ್ದ ಪ್ರಧಾನಿ ಟೋನಿ ಬ್ಲೇರ್ ಅವರನ್ನು ಪೊಲೀಸರು ಸಾಕ್ಷಿಯಾಗಿ ಪ್ರಶ್ನಿಸಿದರು. ಆದರೆ 2007ರ ಜುಲೈನಲ್ಲಿ ಯಾರ ಮೇಲೂ ಮೊಕದ್ದಮೆ ಇಲ್ಲವೆಂದು ತೀರ್ಮಾನವಾಯಿತು. ಇಷ್ಟು ಹಣಕ್ಕೆ ಇಂಥ ಪದವಿ ಎಂಬ ಸ್ಪಷ್ಟ ಒಪ್ಪಂದ ನಡೆದುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂಬುದೇ ಅದಕ್ಕೆ ಕಾರಣ. 2022ರಲ್ಲಿ, ಆಗಿನ ಯುವರಾಜ ಚಾರ್ಲ್ಸರ ಧರ್ಮಸಂಸ್ಥೆಗೆ ದಾನ ಕೊಟ್ಟ ಸೌದಿ ಸಿರಿವಂತನೊಬ್ಬನಿಗೆ ಬಿರುದು ಕೊಡಿಸುವ ಮಾತಾಗಿತ್ತೆಂಬ ಆರೋಪದ ಮೇಲೆ ಲಂಡನ್ ಪೊಲೀಸರು ತನಿಖೆ ಆರಂಭಿಸಿದರು. 2023ರಲ್ಲಿ ಅದೂ ಮುಂದಿನ ಕ್ರಮವಿಲ್ಲದೆ ಮುಕ್ತಾಯವಾಯಿತು.

ಈ ಪ್ರಕರಣಗಳಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಿರುದಿನ ವ್ಯಾಪಾರಕ್ಕೆ ರಸೀದಿ ಇರುವುದಿಲ್ಲ. ಅದು ಕಣ್ಸನ್ನೆಯಲ್ಲಿ ನಡೆಯುತ್ತದೆ. ಕೊಡುವಾತ 'ನಾನು ದಾನ ಕೊಟ್ಟೆ' ಎನ್ನುತ್ತಾನೆ, ಕೊಡಿಸುವಾತ 'ನಾನು ಯೋಗ್ಯರನ್ನು ಗುರುತಿಸಿದೆ' ಎನ್ನುತ್ತಾನೆ. ಎರಡು ಮಾತುಗಳ ನಡುವಿನ ಸಂಬಂಧ ಎಲ್ಲರಿಗೂ ತಿಳಿದಿರುತ್ತದೆ, ಯಾರಿಗೂ ಸಿದ್ಧಪಡಿಸಲು ಬರುವುದಿಲ್ಲ. ಆದಕಾರಣ ಕಾನೂನೊಂದನ್ನೇ ನಂಬಿ ಕೂರುವುದು ಜಾಣತನವಲ್ಲ. ನ್ಯಾಯಾಲಯಕ್ಕೆ ಸಾಕ್ಷಿ ಬೇಕು. ಸಮಾಜಕ್ಕೆ ಬೇಕಾಗಿರುವುದು ನಾಚಿಕೆ.

ಸಂವಿಧಾನ ಮುಚ್ಚಿದ ಬಾಗಿಲು

ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮಲ್ಲಿಯೂ ರಾವ್ ಬಹಾದ್ದೂರ್, ರಾವ್ ಸಾಹೇಬ್, ಖಾನ್ ಬಹಾದ್ದೂರ್, ದಿವಾನ್ ಬಹಾದ್ದೂರ್ ಬಿರುದುಗಳ ಸುಗ್ಗಿ. ಅವರೆಲ್ಲರೂ ಹಣ ಕೊಟ್ಟು ಕೊಂಡವರೆಂದರೆ ಅನ್ಯಾಯವಾದೀತು. ಗುಬ್ಬಿ ತೋಟದಪ್ಪನವರು ತಮ್ಮ ಗಳಿಕೆಯನ್ನು ಧಾರೆಯೆರೆದು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗಾಗಿ ಛತ್ರ ಕಟ್ಟಿಸಿದರು. ಮೈಸೂರಿನ ಅರಸರು ಅವರನ್ನು 'ಧರ್ಮಪ್ರವರ್ತ' ಎಂದು ಕರೆದರು. ಧರ್ಮಕಾರ್ಯ ಮಾಡಿದವನಿಗೆ ಧರ್ಮಕಾರ್ಯ ಮಾಡಿದವನೆಂದೇ ಹೆಸರು. ಕೆರೆಯ ಕಥೆಯಲ್ಲಿ ಕಂಡ ಸತ್ಯವೇ ಇಲ್ಲಿಯೂ ಇದೆ. ಆದರೆ ಸರ್ಕಾರಕ್ಕೆ ನಿಷ್ಠೆ ತೋರಿದವರಿಗೆ, ಯುದ್ಧನಿಧಿಗೆ ಧಾರಾಳವಾಗಿ ಕೊಟ್ಟವರಿಗೆ ಬಿರುದಿನ ಹಾದಿ ಸುಗಮವಾಗಿತ್ತೆಂಬುದೂ ನಿಜ. ಬಿರುದು ಜನರನ್ನು ಆಳುವವರ ಋಣಕ್ಕೆ ಕಟ್ಟಿಹಾಕುವ ಹಗ್ಗವೆಂಬುದು ಹೋರಾಟಗಾರರಿಗೆ ಅರ್ಥವಾಗಿತ್ತು. ಆದುದರಿಂದಲೇ ರವೀಂದ್ರನಾಥ ಠಾಕೂರರು 1919ರಲ್ಲಿ 'ಸರ್' ಪದವಿಯನ್ನು ತೊರೆದರು. 1920ರಲ್ಲಿ ಗಾಂಧೀಜಿ 'ಕೈಸರ್-ಎ-ಹಿಂದ್' ಪದಕವನ್ನು ಹಿಂದಿರುಗಿಸಿದರು. ಬಿರುದುಗಳನ್ನು ಮರಳಿಸುವುದು ಅಸಹಕಾರ ಚಳವಳಿಯ ಒಂದು ಅಂಗವೇ ಆಯಿತು.

ಈ ಅನುಭವದಿಂದಲೇ ನಮ್ಮ ಸಂವಿಧಾನದ 18ನೆಯ ವಿಧಿ ಹುಟ್ಟಿತು. ಸೈನಿಕ ಅಥವಾ ವಿದ್ಯಾವಿಷಯಕ ವಿಶೇಷಣಗಳನ್ನು ಬಿಟ್ಟು ಯಾವ ಬಿರುದನ್ನೂ ರಾಜ್ಯವು ಕೊಡುವಂತಿಲ್ಲ. 1954ರಲ್ಲಿ ಆರಂಭವಾದ ಭಾರತರತ್ನ ಮತ್ತು ಪದ್ಮ ಪುರಸ್ಕಾರಗಳು ಇದಕ್ಕೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1995ರ ಡಿಸೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಅವು ಪುರಸ್ಕಾರಗಳೇ ಹೊರತು ಬಿರುದುಗಳಲ್ಲ ಎಂದಿತು. ಜೊತೆಗೆ, ಅವನ್ನು ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ ಜೋಡಿಸಿಕೊಳ್ಳುವಂತಿಲ್ಲವೆಂದೂ ಎಚ್ಚರಿಸಿತು. ನಮ್ಮ ಆಮಂತ್ರಣ ಪತ್ರಿಕೆಗಳನ್ನು ಈ ತೀರ್ಪಿನ ಬೆಳಕಿನಲ್ಲಿ ಒಮ್ಮೆ ಓದಿ ನೋಡಿ!

ಸಂವಿಧಾನ ಒಂದು ಬಾಗಿಲನ್ನು ಮುಚ್ಚಿತು. ವಿದ್ಯೆಯ ಬಾಗಿಲನ್ನು ಮಾತ್ರ ತೆರೆದಿಟ್ಟಿತು, ಏಕೆಂದರೆ ವಿದ್ಯೆಯನ್ನು ಹಣಕ್ಕೆ ಕೊಳ್ಳಲಾಗದೆಂದು ಹಿರಿಯರು ನಂಬಿದ್ದರು. ವ್ಯಾಪಾರಿಗಳು ಆ ಬಾಗಿಲಿನಿಂದಲೇ ಒಳನುಗ್ಗಿದರು. ರಾವ್ ಬಹಾದ್ದೂರರು ಹೋದ ಜಾಗದಲ್ಲಿ ಡಾಕ್ಟರುಗಳು ಬಂದು ಕುಳಿತಿರುವುದರ ಗುಟ್ಟು ಇದು.

ಸರ್ಕಾರ ಕೊಡುವ ಪ್ರಶಸ್ತಿಗಳಿಗೂ ಸೋಂಕು ತಗುಲದೆ ಇಲ್ಲ. ಅಲ್ಲಿ ಹಣಕ್ಕಿಂತ ಹೆಚ್ಚಾಗಿ ಕೆಲಸ ಮಾಡುವುದು ಅರ್ಜಿ, ಶಿಫಾರಸು, ವಶೀಲಿ. 1966ರಲ್ಲಿ ಪ್ರಾರಂಭವಾದ ರಾಜ್ಯೋತ್ಸವ ಪ್ರಶಸ್ತಿಯನ್ನು ಒಂದು ಕಾಲದಲ್ಲಿ ಒಂದೇ ವರ್ಷ ನೂರಕ್ಕೂ ಹೆಚ್ಚು ಮಂದಿಗೆ ಹಂಚಲಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ, ರಾಜ್ಯ ಉದಯಿಸಿ ಎಷ್ಟು ವರ್ಷವಾಯಿತೋ ಅಷ್ಟೇ ಪ್ರಶಸ್ತಿ ಎಂಬ ಕಡಿವಾಣ ಬಂದಿತು. ಸಂಖ್ಯೆಗೆ ಕಡಿವಾಣ ಬಿದ್ದುದು ಒಳ್ಳೆಯದೇ. ಆಸೆಗೆ ಕಡಿವಾಣ ಹಾಕುವವರು ಯಾರು?

ಇದರಿಂದ ಯಾರಿಗೆ ನಷ್ಟ?

ಕೆಲವರು ಹೇಳುವ ಸಮಾಧಾನವೊಂದಿದೆ. 'ಯಾರೋ ಸಿರಿವಂತರು ಶಾಲೆಯ ಕಟ್ಟಡಕ್ಕೆ ಹಣ ಕೊಟ್ಟರು, ಪ್ರತಿಯಾಗಿ ಒಂದು ಬಿರುದು ಕೇಳಿದರು. ಮಕ್ಕಳಿಗೆ ಸೂರಾಯಿತು, ಅವರಿಗೆ ಸಂತೋಷವಾಯಿತು. ಇದರಿಂದ ಯಾರಿಗೆ ನಷ್ಟ?' ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡ ಶಾಲೆಯ ಆಡಳಿತ ಮಂಡಳಿಗೆ ಹಣದ ಅಗತ್ಯ ಎಷ್ಟೆಂಬುದು ಅದನ್ನು ನಡೆಸಿದವರಿಗೇ ಗೊತ್ತು.

ಆದರೂ ನಷ್ಟವಿದೆ. ಮೊದಲ ನಷ್ಟ ನಿಜವಾಗಿ ದುಡಿದವರದು. ಮಂಗಳೂರಿನಲ್ಲಿ ಕಿತ್ತಳೆ ಮಾರಿದ ಹಣದಿಂದ ತನ್ನೂರು ಹರೇಕಳದಲ್ಲಿ ಶಾಲೆ ಎಬ್ಬಿಸಿದ ಹಾಜಬ್ಬ, ಪಾವಗಡದ ಕಡೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮ, ಅಂಕೋಲೆಯ ಕಾಡಿನಲ್ಲಿ ಸಸಿ ಬೆಳೆಸಿದ ತುಳಸಿ ಗೌಡ ಇವರೆಲ್ಲರಿಗೂ ಪದ್ಮಶ್ರೀ ಸಂದಿತು. ತುಮಕೂರು ವಿಶ್ವವಿದ್ಯಾಲಯ ನರಸಮ್ಮನವರಿಗೆ ಗೌರವ ಡಾಕ್ಟರೇಟ್ ಕೊಟ್ಟು ತಾನೇ ದೊಡ್ಡದಾಯಿತು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿಗೆ ಸಂದ ಪದವಿಯೂ, ಹೋಟೆಲಿನ ಸಭಾಂಗಣದಲ್ಲಿ ಬಾಡಿಗೆ ನಿಲುವಂಗಿ ತೊಟ್ಟು ಪಡೆದ ಪದವಿಯೂ ಫ್ಲೆಕ್ಸಿನ ಮೇಲೆ ಒಂದೇ ರೀತಿ ಕಾಣುತ್ತವೆ. ಖೋಟಾ ನಾಣ್ಯ ಚಲಾವಣೆಗೆ ಬಂದರೆ ಜನ ಅಸಲಿ ನಾಣ್ಯವನ್ನೂ ಕಚ್ಚಿ ನೋಡುತ್ತಾರೆ. ಐದಾರು ವರ್ಷ ಗ್ರಂಥಾಲಯದಲ್ಲಿ ಕುಳಿತು ಪ್ರಬಂಧ ಬರೆದ ಬಡ ಸಂಶೋಧಕನನ್ನು 'ನಿಮ್ಮದು ಯಾವ ಡಾಕ್ಟರೇಟು?' ಎಂದು ಕೇಳುವಂತಾಗಿದೆ. ಆ ಪ್ರಶ್ನೆಯ ಅವಮಾನಕ್ಕೆ ಹಣ ಕೊಟ್ಟವರು ಹೊಣೆ.

ಎರಡನೆಯ ನಷ್ಟ ಸಾರ್ವಜನಿಕರದು. ಪಕ್ಷಕ್ಕೋ ನಾಯಕನಿಗೋ ಹಣ ಕೊಟ್ಟು ಪದವಿ ಪಡೆದವನು ಅದನ್ನು ಅಲ್ಲಿಗೇ ಬಿಡುವುದಿಲ್ಲ. ಹೂಡಿದ್ದಕ್ಕೆ ಬಡ್ಡಿ ಬೇಕು. ಪದವಿಯ ಬಲದಿಂದ ಕಚೇರಿಗಳ ಬಾಗಿಲು ತೆರೆಯುತ್ತದೆ, ಗುತ್ತಿಗೆ ದೊರೆಯುತ್ತದೆ, ಸಮಿತಿಯಲ್ಲಿ ಸ್ಥಾನ ಸಿಗುತ್ತದೆ. ಕೊನೆಗೆ ಬಿರುದಿನ ಬೆಲೆ ತೆರುವುದು ಗುಂಡಿ ಬಿದ್ದ ರಸ್ತೆಯಲ್ಲಿ ನಡೆಯುವ ನಾವು. ಪಕ್ಷಗಳಿಗೆ ಗುಟ್ಟಾಗಿ ಹಣ ಕೊಡಲು ದಾರಿ ಮಾಡಿದ್ದ ಚುನಾವಣಾ ಬಾಂಡುಗಳನ್ನು ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿ 15ರಂದು ರದ್ದುಪಡಿಸಿದಾಗ, ಯಾರು ಯಾರಿಗೆ ಕೊಟ್ಟರೆಂದು ತಿಳಿಯುವ ಹಕ್ಕು ಮತದಾರನಿಗಿದೆ ಎಂದಿತು. ಕೊಡುಗೆ ಬೆಳಕಿನಲ್ಲಿರಲಿ ಎಂಬುದೇ ಆ ಮಾತಿನ ತಿರುಳು.

ಮೂರನೆಯ ನಷ್ಟ ಕೊಂಡವನದೇ. ತಾನು ಕಲಿಯದ ವಿದ್ಯೆಯ ಹೆಸರಿನಲ್ಲಿ ಜನ ಕೈಮುಗಿಯುವಾಗ ಅವನ ಒಳಮನಸ್ಸು ಏನೆನ್ನುತ್ತದೆ? ಅಪ್ಪ ದಿನವೂ ಹೊತ್ತು ತಿರುಗುವ ಸುಳ್ಳನ್ನು ಕಂಡ ಮಕ್ಕಳು ಪರೀಕ್ಷೆಯಲ್ಲಿ ನಕಲು ಮಾಡಬೇಡಿರೆಂಬ ಅವನ ಮಾತನ್ನು ಯಾವ ಕಿವಿಯಿಂದ ಕೇಳಬೇಕು?

ನಮ್ಮ ಅಂಗಳ

ಊರಿನವರ ಕಸ ಎಣಿಸುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಈ ಪಾಪಕ್ಕೆ ಹೆಸರು ಕೊಟ್ಟಿರುವುದೇ ಪವಿತ್ರ ಗ್ರಂಥ. ಸಮಾರಿಯದ ಮಂತ್ರವಾದಿ ಸಿಮೋನನು ಪ್ರೇಷಿತರ ಮುಂದೆ ಹಣವಿಟ್ಟು ಪವಿತ್ರಾತ್ಮರ ವರದಾನವನ್ನು ಕೊಡುವ ಅಧಿಕಾರ ಕೇಳಿದ್ದನ್ನೂ, ಸಂತ ಪೇತ್ರರು ಅವನ ಹಣವನ್ನೂ ಅವನ ಆಲೋಚನೆಯನ್ನೂ ಖಂಡಿಸಿದ್ದನ್ನೂ ಪ್ರೇಷಿತರ ಕಾರ್ಯಕಲಾಪಗಳು 8ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪವಿತ್ರವಾದುದನ್ನು ಮಾರುವ ಕೊಳ್ಳುವ ಅಪರಾಧಕ್ಕೆ ಅವನಿಂದಲೇ 'ಸಿಮೊನಿ' ಎಂಬ ಹೆಸರು ಬಂದಿತು. 451ರ ಕಾಲ್ಸೆದೋನ್ ಮಹಾಸಭೆ ಹಣ ಪಡೆದು ದೀಕ್ಷೆ ಕೊಡುವ ಮೇತ್ರಾಣಿಯ ಪದವಿಯನ್ನೇ ಕಿತ್ತುಹಾಕಬೇಕೆಂದು ವಿಧಿಸಿತು. ನಡುವೆ ನಿಂತು ಕೈಬದಲು ಮಾಡಿದವರನ್ನೂ ಬಿಡಲಿಲ್ಲ. ಇಷ್ಟಾದರೂ ಮಧ್ಯಯುಗದ ಯುರೋಪಿನಲ್ಲಿ ಧರ್ಮಸಭೆಯ ಸ್ಥಾನಗಳು ಹರಾಜಾದವು. ಏಳನೆಯ ಗ್ರೆಗೊರಿ ಜಗದ್ಗುರುಗಳು ಇದರ ವಿರುದ್ಧ ಜೀವಮಾನವಿಡೀ ಹೋರಾಡಬೇಕಾಯಿತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಇಂದಿಗೂ ಹೇಳುವುದಿದು: ಸಿಮೊನಿಯಿಂದ ಪಡೆದ ಸ್ಥಾನ ತಾನಾಗಿಯೇ ಅಸಿಂಧು. ದಂಡ ಕಟ್ಟಿ ಸ್ಥಾನದಲ್ಲಿ ಮುಂದುವರಿಯುವ ಅವಕಾಶವೇ ಇಲ್ಲ. ನಾಡಿನ ಕಾನೂನು ಕಲಿಯಬೇಕಾದುದು ಇದನ್ನು. ಸಾವಿರ ರೂಪಾಯಿ ದಂಡ ಸಾಲದು, ಕೊಂಡ ಪದವಿ ರದ್ದಾಗಬೇಕು, ರದ್ದಾಯಿತೆಂದು ಊರಿಗೆ ತಿಳಿಯಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿ ಪದವಿಗಳ ಮಾರಾಟವಿಲ್ಲ, ದೇವರಿಗೆ ಸ್ತೋತ್ರ. ಆದರೆ ಅದರ ನೆಂಟನಂತಹ ಅಭ್ಯಾಸಗಳು ಇಲ್ಲವೇ? ಪಾಲಕ ಸಂತರ ಹಬ್ಬದ ಕರಪತ್ರದಲ್ಲಿ ಹೆಚ್ಚು ಕೊಟ್ಟವರು 'ಮಹಾಪೋಷಕರು', ಕಡಿಮೆ ಕೊಟ್ಟವರು 'ಪೋಷಕರು', ಇಡೀ ವಾರ ದೇವಾಲಯದ ಅಂಗಳ ಗುಡಿಸಿದವರಿಗೆ ಹೆಸರೇ ಇಲ್ಲ. ಸಭಾ ಕಾರ್ಯಕ್ರಮದಲ್ಲಿ ವೇದಿಕೆಯ ಕುರ್ಚಿ ದಾನಿಗೆ, ನಲವತ್ತು ವರ್ಷ ಗಾಯನವೃಂದ ನಡೆಸಿದ ಅಮ್ಮನಿಗೆ ಕೊನೆಯ ಬೆಂಚು. ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತ ಯೇಸುಸ್ವಾಮಿ ಸಿರಿವಂತರ ದೊಡ್ಡ ಮೊತ್ತಗಳನ್ನು ನೋಡಿಯೂ ಎರಡು ಚಿಕ್ಕಾಸು ಹಾಕಿದ ವಿಧವೆಯನ್ನು ಶಿಷ್ಯರಿಗೆ ತೋರಿಸಿದರು. ಆಕೆಗೆ ಅವರು ಬಿರುದು ಕೊಡಲಿಲ್ಲ, ಆಕೆ ಕೊಟ್ಟದ್ದು ಎಷ್ಟೆಂಬ ನಿಜವನ್ನು ಹೇಳಿದರು. ನಮ್ಮ ಕರಪತ್ರಗಳು ಆ ನಿಜವನ್ನು ಹೇಳುತ್ತವೆಯೇ?

ಮಾಡಬೇಕಾದುದು

ಸರ್ಕಾರ ಮತ್ತು ನ್ಯಾಯಾಲಯಗಳು ಮಾಡಬೇಕಾದುದನ್ನು ಅವು ಮಾಡಲಿ. ಕುಟುಂಬಗಳಾಗಿ, ಸಂಘಗಳಾಗಿ ನಾವು ಇಂದೇ ಮಾಡಬಹುದಾದುದು ಬೇಕಾದಷ್ಟಿದೆ. ಪ್ರಶಸ್ತಿ ಬಂದಿದೆಯೆಂದು ಕರೆ ಬಂದರೆ ಮೂರು ಪ್ರಶ್ನೆ ಕೇಳೋಣ. ಯಾವ ಕೆಲಸಕ್ಕಾಗಿ? ಆಯ್ಕೆ ಮಾಡಿದವರು ಯಾರು? ನಾನು ಒಂದು ರೂಪಾಯಿಯನ್ನೂ ಕೊಡದಿದ್ದರೂ ಇದು ನನಗೆ ಬರುವುದೇ? ಮೂರನೆಯ ಪ್ರಶ್ನೆಗೆ ಆ ಕಡೆಯಿಂದ ತಡವರಿಸುವ ಉತ್ತರ ಬಂದರೆ ಫೋನ್ ಕೆಳಗಿಡೋಣ. ಬಂಧುಗಳಲ್ಲಿ ಯಾರಾದರೂ ಇಂತಹ ಪದವಿ ಪಡೆದು ಬಂದರೆ ಶುಭ ಕೋರುವ ಫ್ಲೆಕ್ಸಿನಲ್ಲಿ ನಮ್ಮ ಮುಖ ಹಾಕಿಸದಿರೋಣ. ನೆಂಟಸ್ತನಕ್ಕೆ ಅದರಿಂದ ಕುಂದು ಬರಲಾರದು.

ದಾನಿಗಳಿಗೆ ಕೃತಜ್ಞತೆ ಹೇಳುವಾಗ ಲೆಕ್ಕದ ಪುಸ್ತಕವನ್ನೇ ಓದೋಣ. ಕೊಟ್ಟವರ ಹೆಸರು, ಕೊಟ್ಟ ಮೊತ್ತ, ಅದು ಖರ್ಚಾದ ಬಗೆ. ವಿಶೇಷಣ ಬೇಡ. ಹಣ ಕೊಟ್ಟವರ ಪಟ್ಟಿಯ ಪಕ್ಕದಲ್ಲಿ ದುಡಿಮೆ ಕೊಟ್ಟವರ ಪಟ್ಟಿಯೂ ಇರಲಿ. ಚಪ್ಪರ ಹಾಕಿದವರು, ಅಡಿಗೆ ಮಾಡಿದವರು, ಪಾತ್ರೆ ತೊಳೆದವರು ಆ ಪಟ್ಟಿಯಲ್ಲಿರಲಿ. ದಾನಿಗೆ ಇದರಿಂದ ಬೇಸರವಾದರೆ ಆತ ಕೊಡಲು ಬಂದಿರಲಿಲ್ಲ, ಕೊಳ್ಳಲು ಬಂದಿದ್ದನೆಂದು ತಿಳಿಯಬೇಕು. ಅಂಥವರ ಹಣ ಕೈತಪ್ಪಿ ಹೋದರೆ ಕಟ್ಟಡ ಒಂದು ವರ್ಷ ತಡವಾದೀತು, ಅಷ್ಟೆ. ಆ ತಡವನ್ನು ನಾವು ಸಹಿಸಬಲ್ಲೆವು.

ಸೂಳೆಕೆರೆಯ ನೀರು ಇಂದಿಗೂ ಚನ್ನಗಿರಿ ಸೀಮೆಯ ಹೊಲಗದ್ದೆಗಳಿಗೆ ಹರಿಯುತ್ತಿದೆ. ನೆಲ ಕೊಟ್ಟವರು ತಮ್ಮನ್ನು ಯಾವ ಹೆಸರಿನಿಂದ ಜನ ಹೀಗಳೆಯುತ್ತಿದ್ದರೋ ಅದೇ ಹೆಸರನ್ನು ಕೆರೆಗೆ ಇಡಿಸಿದರು, ಅದಕ್ಕೆ ಹೊಳಪು ಕೊಡಿರೆಂದು ಕೇಳಲಿಲ್ಲ. ಕೊಡುವವರಿಗೆ ಅಷ್ಟು ಧೈರ್ಯವೂ, ಸನ್ಮಾನಿಸುವವರಿಗೆ ಅಷ್ಟು ಪ್ರಾಮಾಣಿಕತೆಯೂ ನಮ್ಮ ಕಾಲದಲ್ಲಿ ಉಂಟಾಗಲಿ. ಮುಂಬರುವ ಹಬ್ಬದ ಕರಪತ್ರ ಅಚ್ಚಿಗೆ ಹೋಗುವ ಮುನ್ನ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿ ಈ ವಿಷಯವನ್ನು ಒಮ್ಮೆ ಚರ್ಚಿಸಲಿ.